ಓದುಗರ ಪ್ರಶ್ನೆ, ಅಂಕಣದ ಉತ್ತರ: ಬರ್ಲಿನ್ನಿನ ಒಂಟಿ ಗಿಟಾರ್

ಕಳೆದ ಸಂಚಿಕೆಯಲ್ಲಿ ಎಪ್ಪತ್ತರ ದಶಕದ ಜರ್ಮನ್ ರಾಕ್ ಕುರಿತು ಬರೆಯುವಾಗ ಬರ್ಲಿನ್ನಿನ ಗಿಟಾರ್ ವಾದಕ ಮಾನುಯೆಲ್ ಗೋಟ್‌ಶಿಂಗ್ ಅವರ ‘ಇನ್ವೆನ್ಷನ್ಸ್ ಫಾರ್ ಎಲೆಕ್ಟ್ರಿಕ್ ಗಿಟಾರ್’ ಎಂಬ 1975ರ ಆಲ್ಬಮನ್ನು ಒಂದೇ ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗಿದ್ದೆವು. “ಇದರಲ್ಲಿ ಗಿಟಾರ್ ಬಿಟ್ಟರೆ ಬೇರೇನೂ ಇಲ್ಲ” ಎಂದು ಬರೆದಿದ್ದೇ ತಪ್ಪಾಯಿತೋ ಏನೋ, ಪತ್ರಗಳೆಲ್ಲ ಆ ಸಾಲಿನ ಬೆನ್ನು ಹತ್ತಿವೆ. ಈ ಬಾರಿಯ ಪುಟಗಳು ಪೂರ್ತಿ ಅದಕ್ಕೇ.

ಟ್ಯಾಂಜರೀನ್ ಡ್ರೀಮ್, ಕ್ರಾಫ್ಟ್‌ವೆರ್ಕ್ ಎರಡನ್ನೂ ಕೇಳಿದ್ದೇನೆ. ಈ ಆಲ್ಬಮಿನ ಹೆಸರನ್ನು ಮಾತ್ರ ಕೇಳಿರಲಿಲ್ಲ. ಏನಿದೆ ಇದರಲ್ಲಿ? ಯಾಕೆ ಇಷ್ಟು ಅಪರಿಚಿತ? (ಧಾರವಾಡ)

ಹಾಡಿಲ್ಲ, ಡ್ರಮ್ ಇಲ್ಲ, ಬೇಸ್ ಇಲ್ಲ, ಕೀಬೋರ್ಡ್ ಇಲ್ಲ. ಮೂರೇ ರಚನೆಗಳು. ಎಲ್ಪಿಯ ಮೊದಲ ಬದಿಯಲ್ಲಿ 17 ನಿಮಿಷ 45 ಸೆಕೆಂಡಿನ ‘ಎಕೋ ವೇವ್ಸ್’, ಅದರ ಹಿಂದೆಯೇ 6 ನಿಮಿಷ 34 ಸೆಕೆಂಡಿನ ‘ಕ್ವಾಸಾರ್‌ಸ್ಫಿಯರ್’. ಎರಡನೇ ಬದಿ ಪೂರ್ತಿ ‘ಪ್ಲುರಾಲಿಸ್’, 21 ನಿಮಿಷ 36 ಸೆಕೆಂಡು. 1974ರ ಜುಲೈ, ಆಗಸ್ಟ್ ತಿಂಗಳಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಧ್ವನಿಮುದ್ರಣವಾಯಿತು. ಆಗ ಗೋಟ್‌ಶಿಂಗ್‌ಗೆ ಇನ್ನೂ 22 ತುಂಬಿರಲಿಲ್ಲ. ಅವರು ಹುಟ್ಟಿದ್ದು 1952ರ ಸೆಪ್ಟೆಂಬರ್ 9ರಂದು.

ಅಪರಿಚಿತವಾಗಿ ಉಳಿಯಲು ಅರ್ಧ ಕಾರಣ ಹೆಸರಿನ ಗೊಂದಲ. ಗೋಟ್‌ಶಿಂಗ್ 1970ರಲ್ಲಿ ಹಾರ್ಟ್‌ಮುಟ್ ಎಂಕೆ, ಕ್ಲಾವುಸ್ ಶುಲ್ಟ್ಸೆ ಜೊತೆ ಸೇರಿ ‘ಆಶ್ ರಾ ಟೆಂಪೆಲ್’ ತಂಡ ಕಟ್ಟಿದವರು. 1973ರ ಹೊತ್ತಿಗೆ ಜೊತೆಗಾರರು ಒಬ್ಬೊಬ್ಬರಾಗಿ ದೂರವಾಗಿ ತಂಡದಲ್ಲಿ ಉಳಿದವರು ಅವರೊಬ್ಬರೇ ಎನ್ನುವಂತಾಯಿತು. ಆದ್ದರಿಂದ ಈ ಆಲ್ಬಮ್ ಅವರ ಸ್ವಂತ ಹೆಸರಿನಲ್ಲಿ ಬಂದರೂ ಹೊದಿಕೆಯ ಮೇಲೆ ‘ಆಶ್ ರಾ ಟೆಂಪೆಲ್ 6’ ಎಂಬ ಉಪಶೀರ್ಷಿಕೆಯೂ ಕೂತಿತು. ಅಂಗಡಿಯವರು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಇಟ್ಟರು. ಮುಂದೆ ಅವರೇ ತಂಡದ ಹೆಸರನ್ನು ‘ಆಶ್ರಾ’ ಎಂದು ಮೊಟಕು ಮಾಡಿಕೊಂಡರು. ಮೂರು ಹೆಸರು, ಒಬ್ಬನೇ ಮನುಷ್ಯ. ಇವತ್ತಿಗೂ ಹುಡುಕುವಾಗ ಮೂರನ್ನೂ ಹಾಕಿ ನೋಡಬೇಕು.

ಉಳಿದರ್ಧ ಕಾರಣ ಪ್ರಕಾಶನದ್ದು. ‘ಕೊಸ್ಮಿಷೆ ಮುಝೀಕ್’ ಎಂಬ ಲೇಬಲ್ ಆಗಲೇ ತನ್ನ ಕೊನೆಯ ದಿನಗಳಲ್ಲಿತ್ತು. ಟ್ಯಾಂಜರೀನ್ ಡ್ರೀಮ್‌ಗೆ ಇಂಗ್ಲೆಂಡಿನ ವರ್ಜಿನ್ ಸಿಕ್ಕಿದ್ದರಿಂದ ಲೋಕಕ್ಕೆಲ್ಲ ತಲುಪಿತು. ಗೋಟ್‌ಶಿಂಗ್ ಆ ಬಾಗಿಲಿಗೆ ಬಂದಾಗ ಈ ಆಲ್ಬಮ್ ಹಿಂದೆ ಬಿದ್ದಾಗಿತ್ತು. ವರ್ಜಿನ್ 1977ರಲ್ಲಿ ಹೊರತಂದದ್ದು ಅದರ ಮುಂದಿನ ಕೃತಿ ‘ನ್ಯೂ ಏಜ್ ಆಫ್ ಅರ್ಥ್’ ಅನ್ನು.

ನೀವು ಬರೆದದ್ದು ಓದಿ ಕೇಳಿದೆ. ಕ್ಷಮಿಸಿ, ನಂಬಿಕೆ ಬರುತ್ತಿಲ್ಲ. ಅದು ಸಿಂಥಸೈಜರ್, ಅದರಲ್ಲೂ ಸ್ವರಗಳ ಸಾಲನ್ನು ತಾನಾಗಿ ಮರಳಿ ಮರಳಿ ನುಡಿಸುವ ಸೀಕ್ವೆನ್ಸರ್‌ಗೆ ಕಟ್ಟಿದ ಸಿಂಥಸೈಜರ್. ಮನುಷ್ಯನ ಕೈ ಹದಿನೇಳು ನಿಮಿಷ ಹೀಗೆ ಓಡುವುದಿಲ್ಲ. (ಮೈಸೂರು)

ಓಡಬೇಕಿಲ್ಲ. ಕೈ ಅರ್ಧ ಓಡಿದರೆ ಉಳಿದರ್ಧವನ್ನು ಟೇಪ್ ಓಡಿಸುತ್ತದೆ. ಈ ಆಲ್ಬಮಿನ ಗುಟ್ಟೆಲ್ಲ ಅಲ್ಲಿದೆ.

ಹೊದಿಕೆಯ ಮೇಲೆ ಬಳಸಿದ ಸಾಮಾನಿನ ಪಟ್ಟಿಯೇ ಇದೆ: ಗಿಬ್ಸನ್ ಗಿಟಾರ್, ಟಿಯಾಕ್ ಎ-3340 ನಾಲ್ಕು ಟ್ರ್ಯಾಕಿನ ಟೇಪ್ ರೆಕಾರ್ಡರ್, ಎಕೋಗಾಗಿ ರಿವಾಕ್ಸ್ ಎ-77, ವಾ-ವಾ ಪೆಡಲ್, ವಾಲ್ಯೂಮ್ ಪೆಡಲ್, ತಿರುಗುವ ಸ್ಪೀಕರಿನ ಸದ್ದನ್ನು ಅನುಕರಿಸುವ ಶಾಲರ್ ರೋಟೋಸೌಂಡ್, ಮತ್ತು ತಂತಿಯ ಮೇಲೆ ಜಾರಿಸುವ ಹವಾಯಿ ಗಿಟಾರಿನ ಉಕ್ಕಿನ ಸರಳು. ಸಿಂಥಸೈಜರ್ ಇಲ್ಲ.

ಈಗ ಎಕೋ ಹೇಗೆ ಎಂದರೆ: ರಿವಾಕ್ಸ್‌ನಂಥ ಒಳ್ಳೆಯ ಸ್ಪೂಲ್ ಯಂತ್ರದಲ್ಲಿ ಮೂರು ಹೆಡ್‌ಗಳು ಸಾಲಾಗಿರುತ್ತವೆ. ಅಳಿಸುವುದು, ಬರೆಯುವುದು, ಓದುವುದು. ಬರೆಯುವ ಹೆಡ್ಡಿನಲ್ಲಿ ಬಿದ್ದ ಸ್ವರ ಓದುವ ಹೆಡ್ಡಿಗೆ ತಲುಪಲು ಟೇಪು ಕೆಲವು ಸೆಂಟಿಮೀಟರ್ ಸಾಗಬೇಕು. ಆ ಪ್ರಯಾಣದ ಹೊತ್ತೇ ಎಕೋದ ಅಂತರ. ಎರಡು ಹೆಡ್‌ಗಳ ನಡುವೆ 3.5 ಸೆಂ.ಮೀ. ಇದೆ ಎಂದಿಟ್ಟುಕೊಳ್ಳಿ. ಟೇಪು ಸೆಕೆಂಡಿಗೆ 19 ಸೆಂ.ಮೀ. ಓಡಿದರೆ ಅಂತರ ಸುಮಾರು 184 ಮಿಲಿಸೆಕೆಂಡು, ವೇಗವನ್ನು 9.5ಕ್ಕೆ ಇಳಿಸಿದರೆ 368. ಓದುವ ಹೆಡ್ಡಿನಿಂದ ಬಂದದ್ದರಲ್ಲಿ ಒಂದು ಪಾಲನ್ನು ಮತ್ತೆ ಬರೆಯುವ ಹೆಡ್ಡಿಗೆ ಕಳಿಸಿದರೆ ಎಕೋಗೆ ಎಕೋ ಹುಟ್ಟುತ್ತ ಹೋಗುತ್ತದೆ.

ಈ ಲೆಕ್ಕದಲ್ಲಿ ಒಂದು ಕಟ್ಟು ಇದೆ. ಹೆಡ್‌ಗಳ ಜಾಗ ಸರಿಸಲಾಗದು, ವೇಗ ಎರಡೇ. ಅಂದಮೇಲೆ ವಾದಕನಿಗೆ ಸಿಗುವುದು ಎರಡೇ ಅಂತರ. ಲಯವನ್ನು ಯಂತ್ರಕ್ಕೆ ಹೇಳುವಂತಿಲ್ಲ, ಯಂತ್ರ ಹೇಳಿದ ಲಯಕ್ಕೆ ಕೈಯನ್ನು ಕೂರಿಸಬೇಕು. ಮುಂಚೆ ಹೋದರೂ ತಡವಾದರೂ ಎಕೋ ಸ್ವರದ ಕಾಲು ತುಳಿಯುತ್ತದೆ. ನಿಮಗೆ ಸೀಕ್ವೆನ್ಸರ್ ಎನಿಸಿದ ಆ ನಿಖರತೆ ಬಂದದ್ದು ಈ ಶಿಸ್ತಿನಿಂದ.

ಕೈಯ ಗುರುತು ಬೇಕೆಂದರೆ ‘ಎಕೋ ವೇವ್ಸ್’ನ ಮೊದಲ ಐದು ನಿಮಿಷವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ತಂತಿಯ ಮೇಲೆ ಅಂಗೈ ಒತ್ತಿ ಮೊಂಡು ಮಾಡಿದ ‘ಟಕ್ ಟಕ್’ ಸ್ವರಗಳು ಒಂದೇ ಬಿಗಿಯಲ್ಲಿ ಇರುವುದಿಲ್ಲ. ಅಂಗೈ ಸ್ವಲ್ಪ ಸಡಿಲವಾದಾಗ ಸ್ವರ ಅರಳುತ್ತದೆ, ಒತ್ತಿದಾಗ ಮುದುಡುತ್ತದೆ. ಸಿಂಥಸೈಜರಿನಲ್ಲಿ ಇದೇ ಪರಿಣಾಮಕ್ಕೆ ಫಿಲ್ಟರ್ ನಾಬ್ ತಿರುಗಿಸುತ್ತಾರೆ. ಇಲ್ಲಿ ಅದು ಅಂಗೈಯ ಮಾಂಸ. ಕೊನೆಯ ಭಾಗದಲ್ಲಿ ಅಪ್ಪಟ ರಾಕ್ ಗಿಟಾರ್ ಸೋಲೋ ಎದ್ದುಬಂದಾಗ ಅನುಮಾನ ತಾನಾಗಿ ತೀರುತ್ತದೆ.

ಒಂದೇ ಗಿಟಾರ್ ಸರಿ, ಆದರೆ ಒಟ್ಟಿಗೆ ನಾಲ್ಕಾರು ಕೇಳಿಸುತ್ತವಲ್ಲ? ಟಿಯಾಕ್ ಯಂತ್ರದ ಪಾತ್ರವೇನು? (ಶಿವಮೊಗ್ಗ)

ಪದರ ಪದರವಾಗಿ ಕೂಡಿಸಿದ್ದು. ಮೊದಲ ಟ್ರ್ಯಾಕಿನಲ್ಲಿ ನುಡಿಸಿದ್ದನ್ನು ಕೇಳುತ್ತ ಎರಡನೆಯದರಲ್ಲಿ ನುಡಿಸುವುದು, ಎರಡನ್ನೂ ಕೇಳುತ್ತ ಮೂರನೆಯದು. ಇವತ್ತು ಮೊಬೈಲಿನಲ್ಲೂ ಆಗುವ ಕೆಲಸ. 1974ರಲ್ಲಿ ಇದಕ್ಕೊಂದು ತೊಡಕಿತ್ತು. ಹಳೆಯ ಟ್ರ್ಯಾಕನ್ನು ಓದುವ ಹೆಡ್ಡಿನಿಂದ ಕೇಳುತ್ತ ಹೊಸದನ್ನು ಬರೆಯುವ ಹೆಡ್ಡಿನಲ್ಲಿ ಹಾಕಿದರೆ, ಎರಡರ ನಡುವಿನ ದೂರದಿಂದಾಗಿ ಹೊಸದು ಹಿಂದೆ ಬೀಳುತ್ತದೆ. ಮೇಲೆ ಎಕೋಗೆ ವರವಾದ ದೂರವೇ ಇಲ್ಲಿ ಶಾಪ.

ಟಿಯಾಕ್ ಇದಕ್ಕೆ ಕೊಟ್ಟ ಉಪಾಯದ ಹೆಸರು ಸೈಮಲ್-ಸಿಂಕ್. ಹಳೆಯ ಟ್ರ್ಯಾಕನ್ನು ತಾತ್ಕಾಲಿಕವಾಗಿ ಬರೆಯುವ ಹೆಡ್ಡಿನಿಂದಲೇ ಓದಿಸುವುದು. ಬರೆಯಲು ಮಾಡಿದ ಹೆಡ್ಡಾದ್ದರಿಂದ ಆಗ ಕಿವಿಗೆ ಬರುವ ಸದ್ದು ಮಬ್ಬು, ಮೇಲಿನ ಸ್ವರಗಳ ಹೊಳಪಿಲ್ಲ. ಲಯ ಮಾತ್ರ ಕರಾರುವಾಕ್ಕು. ಮಿಕ್ಸ್ ಮಾಡುವಾಗ ಓದುವ ಹೆಡ್ಡಿಗೆ ಮರಳಿದರೆ ಹೊಳಪೂ ಮರಳುತ್ತದೆ. ವೃತ್ತಿಪರ ಸ್ಟುಡಿಯೊಗಳಲ್ಲಿ ಈ ಸೌಲಭ್ಯ ಮೊದಲೇ ಇತ್ತು. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಕಾಲಿಂಚಿನ ಟೇಪಿನ ಯಂತ್ರಕ್ಕೆ ಅದು ಇಳಿದದ್ದರಿಂದಲೇ ಒಬ್ಬ ವಾದಕ ಸ್ಟುಡಿಯೊ ಬಾಡಿಗೆಯ ಗಡಿಯಾರ ನೋಡದೆ ಇಂಥದ್ದನ್ನು ಮಾಡಲು ಸಾಧ್ಯವಾಯಿತು.

ರಚನೆಗಳ ಉದ್ದಕ್ಕೂ ಈ ಯಂತ್ರಕ್ಕೂ ನಂಟಿದೆ. ಎ-3340ಕ್ಕೆ ಹತ್ತೂವರೆ ಇಂಚಿನ ಸ್ಪೂಲ್ ಹಿಡಿಯುತ್ತದೆ. ಅದರಲ್ಲಿ 2,500 ಅಡಿ ಟೇಪು; ಸೆಕೆಂಡಿಗೆ 15 ಇಂಚಿನ ವೇಗದಲ್ಲಿ 33 ನಿಮಿಷ ಚಿಲ್ಲರೆ. ‘ಪ್ಲುರಾಲಿಸ್’ ಆರಾಮಾಗಿ ಹಿಡಿಸುತ್ತದೆ. ಮನೆಬಳಕೆಯ ಏಳಿಂಚಿನ ಸ್ಪೂಲಿನಲ್ಲಿ 1,200 ಅಡಿ, ಅದೇ ವೇಗಕ್ಕೆ 16 ನಿಮಿಷ. ‘ಎಕೋ ವೇವ್ಸ್’ ಕೂಡ ಅದರಲ್ಲಿ ಮುಗಿಯುತ್ತಿರಲಿಲ್ಲ.

ಗಿಟಾರ್ ಕಲಿಯುತ್ತಿದ್ದೇನೆ, ಎಕೋ ಹುಟ್ಟಿಸುವ ಒಂದು ಡಿಜಿಟಲ್ ಡಿಲೇ ಪೆಡಲ್ ಇದೆ. ‘ಎಕೋ ವೇವ್ಸ್’ ರೀತಿಯದನ್ನು ನುಡಿಸಲು ಹೋದರೆ ಗಜಿಬಿಜಿಯಾಗುತ್ತಿದೆ. ಎಲ್ಲಿ ಎಡವುತ್ತಿದ್ದೇನೆ? ಹಂತ ಹಂತವಾಗಿ ತಿಳಿಸಿ. (ಬೆಂಗಳೂರು)

ಬಹುಶಃ ಮೂರು ಕಡೆ ಎಡವುತ್ತಿದ್ದೀರಿ: ಅಂತರ, ಎಕೋದ ಮಟ್ಟ, ಮತ್ತು ಹೆಚ್ಚು ಸ್ವರ.

ಮೊದಲು ಅಂತರ. 60,000ವನ್ನು ನಿಮ್ಮ ಲಯದಿಂದ ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡು ಸಿಗುತ್ತದೆ. ನಿಮಿಷಕ್ಕೆ 120 ಬೀಟಾದರೆ 500. ಅದರ ಮುಕ್ಕಾಲು, ಅಂದರೆ 375ನ್ನು ಪೆಡಲಿನಲ್ಲಿ ಇಡಿ. ಮೆಟ್ರೊನೋಮ್ ಹಾಕಿಕೊಂಡು ಬೀಟಿಗೆ ಎರಡು ಸ್ವರದಂತೆ, 250 ಮಿಲಿಸೆಕೆಂಡಿಗೊಂದು, ಸಮನಾಗಿ ಮೀಟಿ. ಮೊದಲ ಸ್ವರದ ಎಕೋ 375ಕ್ಕೆ ಬರುತ್ತದೆ, ಅಂದರೆ 250ಕ್ಕೆ ಮೀಟಿದ ಎರಡನೇ ಸ್ವರಕ್ಕೂ 500ಕ್ಕೆ ಮೀಟುವ ಮೂರನೆಯದಕ್ಕೂ ನಟ್ಟನಡುವೆ. ಎರಡನೆಯದರ ಎಕೋ 625ಕ್ಕೆ, ಮತ್ತೆ ನಡುವೆ. ಕರ್ನಾಟಕ ಸಂಗೀತ ಬಲ್ಲವರಿಗೆ ಹೇಳುವುದಾದರೆ, ಕೈ ಎರಡನೇ ಕಾಲದಲ್ಲಿದೆ, ಕಿವಿಗೆ ಬೀಳುವುದು ಮೂರನೇ ಕಾಲ.

ನಾಲ್ಕು ಸ್ವರದ ಒಂದು ಮಾದರಿ ತೆಗೆದುಕೊಳ್ಳಿ: ಇ, ಬಿ, ಮೇಲಿನ ಇ, ಡಿ. ಇದನ್ನೇ ಸುತ್ತಿಸಿ. ಎಕೋ ಸೇರಿದಾಗ ಪ್ರತಿ ಸ್ವರದ ಬೆನ್ನಿಗೆ ಅದರ ಹಿಂದಿನ ಸ್ವರ ಬಂದು ಕೂರುತ್ತದೆ: ಇ-ಡಿ, ಬಿ-ಇ, ಇ-ಬಿ, ಡಿ-ಇ. ನೀವು ನುಡಿಸದ ರಾಗರೇಖೆಯೊಂದು ಹೊರಡುತ್ತದೆ. ಎರಡನೇ ಸುತ್ತಿನ ಎಕೋ 750ಕ್ಕೆ, ಅಂದರೆ ಮೂರು ಸ್ವರ ಮುಂದೆ ನೀವು ಮೀಟುತ್ತಿರುವ ಸ್ವರದ ನೆತ್ತಿಯ ಮೇಲೇ ಬೀಳುತ್ತದೆ. ಆದ್ದರಿಂದ ಮಾದರಿಯೊಳಗಿನ ಯಾವ ಎರಡು ಸ್ವರ ಒಟ್ಟಿಗೆ ಬಿದ್ದರೂ ಕಿರಿಕಿರಿಯಾಗಬಾರದು. ಇ ಮೈನರ್ ಪೆಂಟಟಾನಿಕ್‌ನ ಐದು ಸ್ವರದೊಳಗೇ (ಇ, ಜಿ, ಎ, ಬಿ, ಡಿ) ಇರಿ. ಎಫ್ ಒಂದು ನುಸುಳಿದರೆ ಅದು ಮುಂದಿನ ಏಳೆಂಟು ಮೀಟುಗಳವರೆಗೆ ನಿಮ್ಮನ್ನು ಹಂಗಿಸುತ್ತದೆ.

ಎರಡನೆಯದು ಮಟ್ಟ. ಸಾಮಾನ್ಯವಾಗಿ ಡಿಲೇಯನ್ನು ಒಗ್ಗರಣೆಯಂತೆ ಬಳಸುತ್ತೇವೆ, ಮೂಲ ಸ್ವರ ಜೋರು, ಎಕೋ ಮೆಲ್ಲಗೆ. ಇಲ್ಲಿ ಅದು ನಡೆಯದು. ಮೊದಲ ಎಕೋ ಮೂಲ ಸ್ವರದಷ್ಟೇ ಜೋರಾಗಿರಬೇಕು, ಯಾವುದು ಬೆರಳಿನದು ಯಾವುದು ಪೆಡಲಿನದು ತಿಳಿಯಬಾರದು. ಮಿಕ್ಸ್ ಅಥವಾ ಲೆವೆಲ್ ನಾಬನ್ನು ಹಾಗಾಗುವವರೆಗೆ ಏರಿಸಿ.

ಫೀಡ್‌ಬ್ಯಾಕ್, ಅಂದರೆ ಎಕೋದಲ್ಲಿ ಮತ್ತೆ ಒಳಗೆ ಕಳಿಸುವ ಪಾಲು, ಬೇರೆ ವಿಷಯ. ಅದನ್ನು ಶೇ. 50ಕ್ಕೆ ಇಟ್ಟರೆ ಪ್ರತಿ ಸುತ್ತಿಗೆ ಎಕೋ 6 ಡೆಸಿಬೆಲ್ ಇಳಿಯುತ್ತದೆ, ಹತ್ತು ಸುತ್ತಿಗೆ 60, ಅಂದರೆ ನಾಲ್ಕು ಸೆಕೆಂಡಿನೊಳಗೆ ಮಾಯ. ಶೇ. 70 ಮಾಡಿದರೆ ಸುತ್ತಿಗೆ 3 ಡೆಸಿಬೆಲ್ ಮಾತ್ರ, ಪೂರ್ತಿ ಮಾಯವಾಗಲು ಏಳು ಸೆಕೆಂಡಿಗೂ ಹೆಚ್ಚು. ಅಷ್ಟರಲ್ಲಿ ನೀವು ಇಪ್ಪತ್ತೊಂಬತ್ತು ಸ್ವರ ಮೀಟಿರುತ್ತೀರಿ, ಎಲ್ಲವೂ ಒಂದರ ಮೇಲೊಂದು. ನಿಮ್ಮ ಗಜಿಬಿಜಿ ಇಲ್ಲಿಂದಲೇ ಹುಟ್ಟಿರಬೇಕು. ಶೇ. 40ರಿಂದ ಶುರು ಮಾಡಿ, 55 ದಾಟಬೇಡಿ.

ಎಕೋದ ಬಣ್ಣವನ್ನು ತಿದ್ದುವ ಸೌಲಭ್ಯ ಪೆಡಲಿನಲ್ಲಿದ್ದರೆ 4,000 ಹರ್ಟ್ಸ್‌ಗಿಂತ ಮೇಲಿನದನ್ನು, 150ಕ್ಕಿಂತ ಕೆಳಗಿನದನ್ನು ಕತ್ತರಿಸಿ. ಟೇಪಿನಲ್ಲಿ ಪ್ರತಿ ಸುತ್ತಿಗೂ ಹೊಳಪು ತಾನಾಗಿ ಸವೆಯುತ್ತಿತ್ತು, ಹಾಗಾಗಿ ಹಳೆಯ ಎಕೋ ಹಿಂದೆ ಸರಿದು ಹೊಸ ಸ್ವರಕ್ಕೆ ಜಾಗ ಬಿಡುತ್ತಿತ್ತು. ಡಿಜಿಟಲ್ ಪೆಡಲ್ ಈ ಸೌಜನ್ಯ ತೋರುವುದಿಲ್ಲ, ಹತ್ತನೇ ಎಕೋವನ್ನೂ ಮೊದಲನೆಯದರಷ್ಟೇ ಚೂಪಾಗಿ ಕೊಡುತ್ತದೆ.

ಜೋಡಣೆಯ ಕ್ರಮ: ಗಿಟಾರ್, ವಾ-ವಾ, ಡಿಸ್ಟಾರ್ಷನ್ ಬೇಕಿದ್ದರೆ ಅದು, ವಾಲ್ಯೂಮ್ ಪೆಡಲ್, ಆಮೇಲೆ ಡಿಲೇ, ಕೊನೆಗೆ ಆಂಪ್‌ನ ಕ್ಲೀನ್ ಚಾನೆಲ್. ಡಿಸ್ಟಾರ್ಷನ್ ಡಿಲೇಯ ನಂತರ ಬಂದರೆ ಸ್ವರ, ಎಕೋ ಎಲ್ಲ ಒಂದೇ ಮುದ್ದೆಯಾಗುತ್ತದೆ. ವಾಲ್ಯೂಮ್ ಪೆಡಲ್ ಡಿಲೇಯ ನಂತರ ಬಂದರೆ ಕಾಲೆತ್ತಿದ ಕೂಡಲೇ ಎಕೋದ ಬಾಲವೂ ತುಂಡಾಗುತ್ತದೆ. ಮುಂಚೆ ಇದ್ದರೆ ಸ್ವರ ನಿಂತರೂ ಬಾಲ ಹರಿಯುತ್ತಿರುತ್ತದೆ. ‘ಕ್ವಾಸಾರ್‌ಸ್ಫಿಯರ್’ನಂಥ ತೇಲುವ ಸದ್ದಿಗೆ ಇದೇ ದಾರಿ: ಪೆಡಲ್ ಮುಚ್ಚಿಕೊಂಡು ತಂತಿ ಮೀಟಿ, ಮೀಟಿದ ಮೇಲೆ ನಿಧಾನ ತೆರೆಯಿರಿ. ಮೀಟಿದ ಗುರುತೇ ಇಲ್ಲದೆ ಸ್ವರ ಊದಿಕೊಂಡು ಬರುತ್ತದೆ, ಪಿಟೀಲಿನ ಕಮಾನಿನಂತೆ.

ಅಂಗೈ ಬ್ರಿಡ್ಜಿನ ಮೇಲಲ್ಲ, ಅದರ ಅಂಚಿಗೆ ತಾಗಿ ತಂತಿಯ ಮೇಲಿರಲಿ. ಗಟ್ಟಿ ಪಿಕ್ ಬಳಸಿ. ಮೂರನೆಯದು ಹೆಚ್ಚು ಸ್ವರ. ಹತ್ತು ನಿಮಿಷ ಒಂದೇ ಮಾದರಿ, ಬದಲಾವಣೆ ಅಂಗೈಯ ಒತ್ತಡದಲ್ಲಿ ಮಾತ್ರ. ಇಷ್ಟು ಬಂದ ಮೇಲೆ ಎರಡನೇ ಪದರದ ಯೋಚನೆ ಮಾಡಿ. ಮಣಿಕಟ್ಟು ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಬಿಗಿ ಹಿಡಿದ ಮುಂಗೈ ಲಯವನ್ನೂ ಬಿಗಿ ಹಿಡಿದು ಮುಂದಕ್ಕೆ ಎಳೆಯುತ್ತದೆ.

ಇದೇ ಕೆಲಸವನ್ನು ಇಂಗ್ಲೆಂಡಿನ ಸಂಗೀತಗಾರರಾದ ಬ್ರಯಾನ್ ಈನೊ, ರಾಬರ್ಟ್ ಫ್ರಿಪ್ ಮೊದಲೇ ಮಾಡಿದ್ದರಲ್ಲ? (ಮಂಗಳೂರು)

ಅದೇ ರಿವಾಕ್ಸ್ ಎ-77, ಕೆಲಸ ಬೇರೆ. 1973ರಲ್ಲಿ ಅವರಿಬ್ಬರು ತಂದ ಆಲ್ಬಮಿನಲ್ಲಿ ಎರಡು ಯಂತ್ರಗಳನ್ನು ಪಕ್ಕ ಪಕ್ಕ ಇಟ್ಟು ಒಂದರಲ್ಲಿ ಬರೆದ ಟೇಪನ್ನು ಇನ್ನೊಂದರಲ್ಲಿ ಓದಿಸಿದರು. ಈ ವಿಧಾನ ಅಮೆರಿಕದ ಸಂಯೋಜಕ ಟೆರ್ರಿ ರೈಲಿ ಅರವತ್ತರ ದಶಕದಲ್ಲೇ ಬಳಸಿದ್ದು. ಯಂತ್ರಗಳ ನಡುವೆ ಒಂದು ಮೀಟರ್ ಟೇಪಿದ್ದರೆ, ಸೆಕೆಂಡಿಗೆ 19 ಸೆಂ.ಮೀ. ವೇಗದಲ್ಲಿ ಎಕೋ ಮರಳಲು ಐದು ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟು ದೀರ್ಘವಾದ ಎಕೋ ಮೋಡ ಕಟ್ಟುತ್ತದೆ, ತಾಳ ಕಟ್ಟುವುದಿಲ್ಲ. ಗೋಟ್‌ಶಿಂಗ್ ಒಂದೇ ಯಂತ್ರದ ಗಿಡ್ಡ ಎಕೋ ಹಿಡಿದು ಅದನ್ನು ತಾಳವಾದ್ಯ ಮಾಡಿಕೊಂಡರು. ರೈಲಿ, ಮತ್ತು ಗಿಡ್ಡ ಸ್ವರಮಾದರಿಗಳನ್ನು ಆವರ್ತಿಸುತ್ತ ರಚಿಸುವ ಅಮೆರಿಕದ ಇನ್ನೊಬ್ಬ ಸಂಯೋಜಕ ಸ್ಟೀವ್ ರೀಚ್, ಇಬ್ಬರ ಪ್ರಭಾವವನ್ನು ಅವರು ಮುಚ್ಚಿಟ್ಟವರಲ್ಲ. ಕೇಳಿದಾಗ ಫ್ರಿಪ್‌ಗಿಂತ ರೀಚ್ ಹೆಚ್ಚು ಹತ್ತಿರದವರು ಎನಿಸುವುದು ಅದಕ್ಕೇ.

ಪರಿಚಿತರೊಬ್ಬರು ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ಕೊಡುತ್ತೇನೆಂದಿದ್ದಾರೆ. ಎಕೋಗೆ ಬಳಸಬಹುದೇ? (ಹಾಸನ)

ಕೊಳ್ಳುವ ಮುಂಚೆ ಮುಚ್ಚಳ ತೆಗೆದು ಹೆಡ್ ಎಣಿಸಿ. ಎರಡೇ ಇದ್ದರೆ ಬರೆಯುವುದೂ ಓದುವುದೂ ಒಂದೇ ಹೆಡ್. ಎಕೋ ಸಾಧ್ಯವೇ ಇಲ್ಲ. ಮೂರಿರಬೇಕು, ಜೊತೆಗೆ ಮುದ್ರಿಸುತ್ತಿರುವಾಗಲೇ ಟೇಪಿನಿಂದ ಕೇಳಲು ‘ಟೇಪ್’, ‘ಸೋರ್ಸ್’ ಎಂಬ ಸ್ವಿಚ್ ಇರಬೇಕು.

ಅಮೆರಿಕದಿಂದ ಬಂದ ಯಂತ್ರವಾದರೆ ಇನ್ನೊಂದು ನೋಡಬೇಕು. ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಹಾಕಿ ಸರಿಮಾಡಬಹುದು. ವಿದ್ಯುತ್ತಿನ ಆವರ್ತನ ಸರಿಹೋಗುವುದಿಲ್ಲ. ಅಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಸಿಂಕ್ರನಸ್ ಮೋಟರಿನ ಯಂತ್ರ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ, ಬೇರೆಡೆ ಮುದ್ರಿಸಿದ ಟೇಪು ಮೂರು ಸ್ವರಸ್ಥಾನಕ್ಕೂ ಹೆಚ್ಚು ಇಳಿದು ಕೇಳಿಸುತ್ತದೆ. 50 ಹರ್ಟ್ಸಿನ ರಾಟೆ ಬದಲಾಯಿಸಿದರೆ ಮಾತ್ರ ಪರಿಹಾರ. ರಿವಾಕ್ಸ್ ಎ-77ಕ್ಕೆ ಈ ಕಾಟವಿಲ್ಲ, ಅದರ ಮೋಟರಿನ ವೇಗವನ್ನು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಿಡಿದಿಡುತ್ತದೆ. ಬರೀ ಎಕೋಗೆ ಬಳಸುವುದಾದರೆ ನಿಧಾನ ಓಟ ದೋಷವೂ ಅಲ್ಲ, ಅಂತರ ಕೊಂಚ ಹೆಚ್ಚಿತು ಎಂದಷ್ಟೇ.

ವರ್ಷಗಟ್ಟಲೆ ಅಟ್ಟದ ಮೇಲಿದ್ದ ಯಂತ್ರವನ್ನು ತಂದ ಕೂಡಲೇ ಪ್ಲಗ್ ಚುಚ್ಚಬೇಡಿ. ಒಳಗಿನ ಹಳೆಯ ಕಾಗದದ ಕೆಪ್ಯಾಸಿಟರುಗಳು ತೇವ ಹೀರಿಕೊಂಡಿರುತ್ತವೆ, ವಿದ್ಯುತ್ ಹರಿದೊಡನೆ ಒಡೆದು ಹೊಗೆ ಬರುತ್ತದೆ. ಬಲ್ಲ ಮೆಕ್ಯಾನಿಕ್ ಕೈಯಲ್ಲಿ ಅವನ್ನು ಬದಲಾಯಿಸಿಯೇ ಶುರು ಮಾಡಿ. ಸ್ವಂತ ಕೈಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ.

ಸ್ವಚ್ಛ ಮಾಡುವುದು ನಿಮ್ಮದೇ ಕೆಲಸ. ಹೆಡ್‌ಗಳನ್ನೂ ಟೇಪು ಹಾಯುವ ಲೋಹದ ಭಾಗಗಳನ್ನೂ ಶೇ. 99ರ ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ. ಟೇಪನ್ನು ಒತ್ತುವ ರಬ್ಬರ್ ಉರುಳೆ ಗಾಜಿನಂತೆ ನುಣುಪಾಗಿದ್ದರೆ ಟೇಪು ಜಾರಿ ಎಕೋದ ಶ್ರುತಿ ಅಲೆಯುತ್ತದೆ, ಬದಲಾಯಿಸಿ. ಟೇಪು ಕಂದು ಅಂಟು ಬಿಟ್ಟು ಕಿರುಗುಡುತ್ತಿದ್ದರೆ ಅದನ್ನು ಎಸೆಯುವುದೇ ಸರಿ, ಉಳಿಸಿಕೊಂಡರೆ ಹೆಡ್ ಹಾಳು.

ಜೋಡಿಸುವಾಗ ಚಿಕ್ಕ ಮಿಕ್ಸರ್ ಒಂದು ಬೇಕು. ಗಿಟಾರ್ ಒಂದನೇ ಚಾನೆಲಿಗೆ, ಯಂತ್ರದ ಔಟ್‌ಪುಟ್ ಎರಡನೆಯದಕ್ಕೆ, ಮಿಕ್ಸರಿನ ಆಕ್ಸ್ ಸೆಂಡ್ (ಸದ್ದಿನ ಒಂದು ಪಾಲನ್ನು ಬೇರೆಡೆಗೆ ಕಳಿಸುವ ದಾರಿ) ಯಂತ್ರದ ಇನ್‌ಪುಟ್‌ಗೆ. ಒಂದನೇ ಚಾನೆಲಿನ ಆಕ್ಸ್ ನಾಬ್ ಎಕೋಗೆ ಹೋಗುವ ಗಿಟಾರ್, ಎರಡನೇ ಚಾನೆಲಿನ ಆಕ್ಸ್ ನಾಬ್ ಫೀಡ್‌ಬ್ಯಾಕ್. ಎರಡನೆಯದನ್ನು ಸೊನ್ನೆಯಿಂದ ಕೂದಲೆಳೆಯಷ್ಟು ಮಾತ್ರ ಏರಿಸುತ್ತ ಹೋಗಿ. ಒಂದು ಹದ ದಾಟಿದರೆ ಯಂತ್ರ ತಾನೇ ಊಳಿಡತೊಡಗುತ್ತದೆ, ಸ್ಪೀಕರಿನ ಕೋನ್ ಹರಿಯಲು ಎರಡು ಸೆಕೆಂಡು ಸಾಕು.

ಎಲ್ಪಿ ಕೊಳ್ಳಲೇ, ಸಿಡಿ ಸಾಕೇ? ಸೆಕೆಂಡ್ ಹ್ಯಾಂಡ್ ಪ್ರತಿಯಾದರೆ ಏನು ನೋಡಬೇಕು? (ಹೈದರಾಬಾದ್‌ನಲ್ಲಿರುವ ಕನ್ನಡಿಗ ಓದುಗರು)

ಈ ಆಲ್ಬಮಿನ ಮಟ್ಟಿಗೆ ಸಿಡಿ ಅಥವಾ ಒಳ್ಳೆಯ ಡಿಜಿಟಲ್ ಪ್ರತಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಎಲ್ಪಿ ಪ್ರಿಯರು ಮುನಿಸಿಕೊಳ್ಳಬಾರದು. ಮೊದಲ ಬದಿ 24 ನಿಮಿಷ ದಾಟುತ್ತದೆ. ಅಷ್ಟು ಹಿಡಿಸಲು ಗೆರೆಗಳನ್ನು ಒತ್ತೊತ್ತಾಗಿ, ಮೆಲುದನಿಯಲ್ಲಿ ಕೊರೆಯಬೇಕಾಗುತ್ತದೆ. ಧ್ವನಿ ಮೆಲುವಾದಷ್ಟೂ ಧೂಳಿನ ಚಟಪಟ ಎದ್ದು ಕೇಳುತ್ತದೆ. ಮೇಲಾಗಿ ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಗೆರೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಸಾಗಿದರೆ, ಒಳ ಅಂಚಿನಲ್ಲಿ 21ಕ್ಕೆ ಇಳಿಯುತ್ತದೆ. ಸೂಕ್ಷ್ಮಗಳು ಅಲ್ಲಿ ಮಸುಕಾಗುತ್ತವೆ. ಮೊದಲ ಬದಿಯ ಒಳ ಅಂಚಿನಲ್ಲಿರುವುದು ‘ಕ್ವಾಸಾರ್‌ಸ್ಫಿಯರ್’, ಮೂರರಲ್ಲಿ ಅತ್ಯಂತ ಮೌನದ ರಚನೆ, ಚಟಪಟವನ್ನು ಮರೆಮಾಡಲು ಒಂದು ಬೀಟೂ ಇಲ್ಲದ್ದು.

ಹಾಗಾಗಿ ಹಳೆಯ ಪ್ರತಿ ಕೊಳ್ಳುವಾಗ ‘ಎಕೋ ವೇವ್ಸ್’ ಕೇಳಿಸಿ ಮಾರುವವರನ್ನು ತಡೆದು, ಮುಳ್ಳನ್ನು ಮೊದಲ ಬದಿಯ ಕೊನೆಗೆ ಇಡಿಸಿ. ಅಲ್ಲಿ ಚೊಕ್ಕಟವಾಗಿದ್ದರೆ ಉಳಿದದ್ದೆಲ್ಲ ಚೊಕ್ಕಟ. ಗೋಟ್‌ಶಿಂಗ್ ಅವರ ಸ್ವಂತ ಲೇಬಲ್ ಎಂ.ಜಿ. ಆರ್ಟ್‌ನಿಂದ ಬಂದ ಮರುಮುದ್ರಣ ಸಿಕ್ಕರೆ ಅದಕ್ಕೆ ಮೊದಲ ಆದ್ಯತೆ.

ಕೇಳುವುದು ಒಂಟಿ ಬ್ಲೂಟೂತ್ ಸ್ಪೀಕರಿನಲ್ಲಾದರೆ ಯಾವ ಪ್ರತಿಯಾದರೂ ವ್ಯರ್ಥ. ಎಡಬಲ ಹರಡಿದ ಪದರಗಳು ಒಂದೇ ತೂತಿನಿಂದ ಹೊರಟರೆ ಒಂದಕ್ಕೊಂದು ನುಂಗಿಕೊಳ್ಳುತ್ತವೆ.

ಎರಡು ಸಲ ಪೂರ್ತಿ ಕೇಳಿದೆ. ಏನೂ ಆಗುವುದೇ ಇಲ್ಲ! ಇಪ್ಪತ್ತು ನಿಮಿಷ ಅದೇ ಅದೇ. ಇದನ್ನು ಪ್ರೋಗ್ರೆಸಿವ್ ರಾಕ್ ಎನ್ನುವುದು ಹೇಗೆ? (ಬೆಳಗಾವಿ)

ಹೆಸರಿನ ಬಗ್ಗೆ ನಿಮ್ಮ ಜೊತೆ ಜಗಳವಿಲ್ಲ. ಬ್ರಿಟಿಷ್ ಪ್ರೋಗ್ರೆಸಿವ್ ರಾಕ್‌ನಲ್ಲಿ ನಿಮಿಷಕ್ಕೊಂದು ತಾಳ, ಎರಡು ನಿಮಿಷಕ್ಕೊಂದು ರಾಗಭಾವ ಬದಲಾಗುತ್ತದೆ. ಬರ್ಲಿನ್ನಿನವರು ಹಿಡಿದ ದಾರಿ ತದ್ವಿರುದ್ಧ. ಅಂಗಡಿಯ ಕಪಾಟಿನಲ್ಲಿ ಎರಡೂ ಒಂದೇ ಕಡೆ ಕೂತಿವೆ, ಅಷ್ಟೇ.

‘ಏನೂ ಆಗುವುದಿಲ್ಲ’ ಎಂಬುದನ್ನು ಮಾತ್ರ ಒಪ್ಪಲಾರೆವು. ‘ಪ್ಲುರಾಲಿಸ್’ ಬಿಟ್ಟು ‘ಎಕೋ ವೇವ್ಸ್’ನಿಂದ ಶುರು ಮಾಡಿ, ಒಂದೇ ಕೆಲಸ ಹಚ್ಚಿಕೊಳ್ಳಿ: ಹೊಸ ಪದರ ಎಲ್ಲಿ ಒಳಗೆ ಬಂತು ಎಂದು ಗಡಿಯಾರ ನೋಡಿ ಬರೆದಿಡುವುದು. ಬಂದ ಕ್ಷಣ ಹಿಡಿಯುವುದು ಕಷ್ಟ. ‘ಇದು ಯಾವಾಗಿನಿಂದ ಇದೆ?’ ಎಂದು ಎಚ್ಚರಾಗುವಷ್ಟರಲ್ಲಿ ಅದು ಬಂದು ಒಂದು ನಿಮಿಷವಾಗಿರುತ್ತದೆ. ಹಿಂದಕ್ಕೆ ಹೋಗಿ ಹುಡುಕಿ. ಮೂರು ಬಾಗಿಲು ಸಿಕ್ಕರೆ ನಿಮ್ಮ ಕಿವಿ ಒಳಹೊಕ್ಕಂತೆ.

ತಂಬೂರಿಗೆ ಹೋಲಿಸುವವರಿದ್ದಾರೆ. ಅರ್ಧ ಸರಿ. ತಂಬೂರಿ ಬೇರೊಬ್ಬರ ಹಾಡಿಗೆ ನೆಲ ಹಾಸುತ್ತದೆ. ಇಲ್ಲಿ ನೆಲವೇ ನಡೆಯುತ್ತದೆ. ಕೊನೆಗೆ ಬರುವ ಸೋಲೋವನ್ನು ಫಲ ಎಂದುಕೊಂಡು ಕಾದರೆ ಬೇಸರವೇ ಆಗುತ್ತದೆ. ನಮ್ಮನ್ನು ಕೇಳಿದರೆ ‘ಎಕೋ ವೇವ್ಸ್’ನ ಸೋಲೋ ಕೊಂಚ ಹೆಚ್ಚೇ ಆಯಿತು, ಅಷ್ಟು ಹೊತ್ತು ಸಂಯಮದಿಂದಿದ್ದ ಹುಡುಗನಿಗೆ ಕೈ ತಡೆಯಲಾಗಲಿಲ್ಲ.

ಒಬ್ಬರೇ ನಾಲ್ಕು ಪದರ ನುಡಿಸಿದ್ದನ್ನು ವೇದಿಕೆಯ ಮೇಲೆ ಎಂದಾದರೂ ನುಡಿಸಿದ್ದಾರೆಯೇ? (ತುಮಕೂರು)

2010ರಲ್ಲಿ ಜಪಾನಿನಲ್ಲಿ. ಬ್ರಿಟನ್ನಿನ ಸ್ಟೀವ್ ಹಿಲೇಜ್, ನ್ಯೂಯಾರ್ಕಿನ ಎಲಿಯಟ್ ಶಾರ್ಪ್, ಚೀನಾದ ಝಾಂಗ್ ಶೋವಾಂಗ್ ಸೇರಿ ನಾಲ್ಕು ಗಿಟಾರ್.

ಇದು ಹಿಡಿಸಿತು. ಮುಂದೆ ಏನು ಕೇಳಲಿ? (ದಾವಣಗೆರೆ)

ಗಿಟಾರಿನ ಜಾಡು ಬೇಕೆಂದರೆ ಹಿಂದಕ್ಕೆ ಹೋಗಿ, 1971ರ ‘ಆಶ್ ರಾ ಟೆಂಪೆಲ್’. ಕೋನಿ ಪ್ಲಾಂಕ್ ಧ್ವನಿಮುದ್ರಿಸಿದ್ದು. ಅದೇ ವಾದಕ, ಆದರೆ ಕಡಿವಾಣವಿಲ್ಲದ ಕುದುರೆ. ಆ ಗದ್ದಲದಿಂದ ಮೂರೇ ವರ್ಷದಲ್ಲಿ ಈ ಅಂಗೈಯ ‘ಟಕ್ ಟಕ್’ಗೆ ಬಂದು ತಲುಪಿದ್ದು ಹೇಗೆ ಎಂದು ಆಶ್ಚರ್ಯವಾಗುತ್ತದೆ.

ಆವರ್ತನೆಯ ಜಾಡು ಬೇಕೆಂದರೆ ಮುಂದಕ್ಕೆ. 1976ರ ‘ನ್ಯೂ ಏಜ್ ಆಫ್ ಅರ್ಥ್’ನಲ್ಲಿ ಸಿಂಥಸೈಜರ್ ನಿಜಕ್ಕೂ ಬರುತ್ತದೆ. ಮೈಸೂರಿನ ಓದುಗರು ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಯಂತ್ರಕ್ಕೂ ಕೈಗೂ ಇರುವ ವ್ಯತ್ಯಾಸ ಅವರೇ ಹೇಳುತ್ತಾರೆ. ಆಮೇಲೆ ‘ಇ2-ಇ4’: 1981ರ ಡಿಸೆಂಬರ್ 12ರಂದು ಒಂದೇ ಪಟ್ಟಿಗೆ ಕೂತು ನುಡಿಸಿ ಮುದ್ರಿಸಿದ, ಒಂದು ತಾಸಿಗೆ ಒಂದೆರಡು ನಿಮಿಷ ಕಡಿಮೆಯ ಒಂದೇ ರಚನೆ, ಹೊರಬಂದದ್ದು 1984ರಲ್ಲಿ. ಡಿಸ್ಕೊ, ಹೌಸ್ ಸಂಗೀತದವರು ಅದನ್ನು ತಮ್ಮದೇ ಎಂಬಂತೆ ಎತ್ತಿಕೊಂಡರು. ಹೆಸರು ಚದುರಂಗದ ಮೊದಲ ನಡೆಯದು, ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ. ಗಿಟಾರಿನ ಅತಿ ದಪ್ಪ ತಂತಿಯ ತೆರೆದ ಸ್ವರ ಇ2, ಅತಿ ತೆಳುವಿನದು ಇ4 ಎಂಬುದೂ ಅದರಲ್ಲಿ ಅಡಗಿದೆ. ಮೊದಲರ್ಧ ಪೂರ್ತಿ ಸಿಂಥಸೈಜರ್. ಗಿಟಾರ್ ಒಳಬರುವುದು ಅರ್ಧ ದಾರಿ ಕಳೆದ ಮೇಲೆ.